ಕುದ್ಮುಲ್ ರಂಗರಾಯರ ಪಂಚಮ ಶಾಲೆ

1856ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಧಾರವಾಡದ ಮಹಾರ ಜಾತಿಯ ಬಾಲಕನೊಬ್ಬನು, ಶಾಲೆಯ ಶುಲ್ಕವನ್ನು ತೆರಲು ತಾನು ಸಿದ್ಧನಿದ್ದರೂ ಅಲ್ಲಿಯ ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶ ದೊರೆಯಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿಯೊಂದನ್ನು ಬರೆದುಕೊಂಡನು. ನ್ಯಾಯವು ತತ್ತ್ವತಃ ಬಾಲಕನ ಪಕ್ಷದಲ್ಲಿಯೇ ಇದೆಯೆಂಬುದನ್ನು ಸರಕಾರವು ಒಪ್ಪಿಕೊಂಡಿತು. ಆದರೆ ಈ ಬಗೆಯ ಅರ್ಜಿಯನ್ನು ತಂದವನು ಇವನೊಬ್ಬನೇ ಆಗಿರುವಾಗ, ಒಬ್ಬನ ಸಲುವಾಗಿ ಯುಗಯುಗಾಂತರದ ಸಂಸ್ಕಾರವನ್ನು ಕೆಣಕಿದರೆ ವಿದ್ಯಾಪ್ರಸಾರಕ್ಕೇ ಧಕ್ಕೆಯಾದೀತೆಂದು ಹೇಳಿ ಅವನನ್ನು ಹಿಂದಕ್ಕೆ ಕಳುಹಿಸಿತು. ವಿಷಯವು ಕಲ್ಕತ್ತೆಗೂ ಅಲ್ಲಿಂದ ಲಂಡನ್ನಿಗೂ ಹೋಗಿ, ಸರಕಾರದ ಶಾಲೆಗಳು ಸಕಲ ಪ್ರಜೆಗಳಿಗೂ ಸೇರಿದುವೆಂದೂ, ಜಾತಿಯ ಕಾರಣದಿಂದ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದೂ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರು ಒಂದೆರಡು ವರ್ಷಗಳಲ್ಲಿಯೇ ನಿರ್ಣಯವನ್ನಿತ್ತರು. 1882ರ ಹಂಟರ್ ಆಯೋಗವು ಆ ತತ್ತ್ವವನ್ನು ಪುನಃ ಎತ್ತಿಹಿಡಿಯಿತಾದರೂ, ಅದನ್ನು ಆಚರಣೆಗೆ ತರುವಾಗ ಎಚ್ಚರಿಕೆಯಿರಲೆಂದು ಬುದ್ಧಿಹೇಳಿತು. ಅಗತ್ಯವೆನಿಸಿದ ಕಡೆಗಳಲ್ಲಿ ಪ್ರತ್ಯೇಕ ಶಾಲೆಗಳನ್ನು ತೆರೆಯಬಹುದೆಂದೂ ಸೂಚಿಸಿತು. ಹೀಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲೆಲ್ಲ ವಿದ್ಯಾಮಂದಿರದ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರಿಗೆ ಕಾಗದದ ಮೇಲೆ ತೆರೆದೇ ಇದ್ದಿತು. ಆ ಬಾಗಿಲನ್ನು ದಾಟಿ ಒಳಕ್ಕೆ ಬಂದ ಮಕ್ಕಳು ಮಾತ್ರ ಎಲ್ಲೋ ಒಬ್ಬರು.

ಆಜ್ಞೆಗೂ ಮಗುವಿಗೂ ನಡುವೆ ಬಿದ್ದಿದ್ದ ಈ ಅಂತರವು ಯಾವುದರಿಂದ ಆದುದು, ಅದನ್ನು ತುಂಬಬೇಕಾದರೆ ಏನೇನು ಬೇಕು ಎಂಬುದನ್ನು ಕನ್ನಡನಾಡಿನಲ್ಲಿ ಮೊದಲಿಗೆ ಆಮೂಲಾಗ್ರವಾಗಿ ಅರಿತು ಕೆಲಸಕ್ಕೆ ತೊಡಗಿದವರಲ್ಲಿ ಮಂಗಳೂರಿನ ವಕೀಲರಾದ ಕುದ್ಮುಲ್ ರಂಗರಾಯರು ಅಗ್ರಗಣ್ಯರು. 1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ತೆರೆದ ಸಣ್ಣ ಶಾಲೆಯೂ, ಅದರಿಂದ ಬೆಳೆದುಬಂದ ಸಂಸ್ಥೆಯೂ ಈ ಲೇಖನದ ವಿಷಯ. ರಂಗರಾಯರ ತ್ಯಾಗವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಮಾತುಗಳು ಆಗಿವೆ, ಆಗತಕ್ಕವೂ ಹೌದು. ಆದರೆ ಅವರ ತ್ಯಾಗಕ್ಕಿಂತಲೂ ಅವರ ಬುದ್ಧಿಯು ನನಗೆ ಹೆಚ್ಚು ಆಶ್ಚರ್ಯಕರವಾಗಿ ತೋರುತ್ತದೆ. ಕರುಣೆಯುಳ್ಳವರು ಆ ಕಾಲದಲ್ಲಿಯೂ ಹಲವರಿದ್ದರು, ಕರುಣೆಯನ್ನು ಹೀಗೆ ಯೋಜನೆಯನ್ನಾಗಿ ಮಾರ್ಪಡಿಸಬಲ್ಲವರು ವಿರಳರಾಗಿದ್ದರು.

ಮೊದಲು ಆ ನಾಡಿನ ಸ್ಥಿತಿಯನ್ನು ಕೊಂಚ ನೋಡಬೇಕು. ಟಿಪ್ಪುವಿನ ಪತನದ ತರುವಾಯ ಕಂಪೆನಿಯ ಕೈಸೇರಿದ ಕನ್ನಡ ಜಿಲ್ಲೆಯನ್ನು 1801ರಲ್ಲಿ ಸಂಚರಿಸಿ ನೋಡಿದ ಫ್ರಾನ್ಸಿಸ್ ಬುಕಾನನ್ನನು, ಇಲ್ಲಿಯ ಬೇಸಾಯದ ಬಹುಭಾಗವು ಒಡೆಯರಿಗೆ ಸೊತ್ತಾಗಿದ್ದ ಆಳುಗಳ ದುಡಿಮೆಯಿಂದ ನಡೆಯುತ್ತಿದ್ದುದನ್ನೂ, ಅವರಿಗೆ ದಿನಕ್ಕೆ ಅಳೆದುಕೊಡುತ್ತಿದ್ದ ಅಕ್ಕಿಯ ಪ್ರಮಾಣವನ್ನೂ ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. 1843ರ ಐದನೆಯ ಶಾಸನವು ಗುಲಾಮಗಿರಿಯನ್ನು ನ್ಯಾಯಾಲಯಗಳು ಮಾನ್ಯಮಾಡಕೂಡದೆಂದು ವಿಧಿಸಿತು. 1862ರಲ್ಲಿ ಜಿಲ್ಲೆಯು ಎರಡಾಗಿ ಒಡೆದು ಉತ್ತರ ಕನ್ನಡವು ಮುಂಬಯಿಗೂ ದಕ್ಷಿಣ ಕನ್ನಡವು ಮದರಾಸಿಗೂ ಸಂದುವು. ಶಾಸನ ಬಂದಿತು, ಜಿಲ್ಲೆ ಒಡೆಯಿತು; ಆದರೆ ಮೂಲದಾಳಾಗಿ ದುಡಿಯುತ್ತಿದ್ದ ಹೊಲೆಯನ ಗುಡಿಸಲು ಮಾತ್ರ ಇದ್ದ ಸ್ಥಳದಲ್ಲಿಯೇ, ಅಂದರೆ ಧಣಿಯ ಜಾಗದಲ್ಲಿಯೇ ಇದ್ದಿತು. ಬೈಲಿನ ಗದ್ದೆ ಧಣಿಯದು, ಗುಡ್ಡೆಯ ಕುಮ್ಕಿ ಧಣಿಯದು, ಮುಳಿಹುಲ್ಲು ಧಣಿಯದು, ಕೈಗಡವಾಗಿ ಪಡೆದ ಭತ್ತವೂ ಧಣಿಯದು. ಆಟಿ ತಿಂಗಳ ಜಡಿಮಳೆಯಲ್ಲಿ ಕೆಲಸವಿಲ್ಲದೆ ಒಲೆಯಾರಿದಾಗ ಒಂದು ಸೇರು ಅಕ್ಕಿಗಾಗಿ ಹೋಗಿ ನಿಲ್ಲಬೇಕಾದುದೂ ಆ ಧಣಿಯ ಅಂಗಳದ ಹೊರಗೇ. ಇಂಥವನು ತನ್ನ ಮಗನನ್ನು ಶಾಲೆಗೆ ಕಳುಹಿಸಿದನೆಂದರೆ, ದನ ಮೇಯಿಸುವ ಹುಡುಗನೊಬ್ಬನು ಕಡಮೆಯಾದನೆಂಬುದು ಮಾತ್ರವಲ್ಲ, ಆಳು ಅವಿಧೇಯನಾದನೆಂಬ ಅಪರಾಧವೂ ಅವನ ತಲೆಯ ಮೇಲೆ ಬೀಳುತ್ತಿದ್ದಿತು. ಮರುದಿನ ಗುಡಿಸಲನ್ನು ತೆರವುಮಾಡೆಂದರೆ ಅವನಿಗೆ ಹೋಗಲು ಬೇರೊಂದು ನೆಲವಿರಲಿಲ್ಲ.

ಈ ಶ್ರೇಣಿಯಲ್ಲಿಯೂ ಎಲ್ಲರಿಗಿಂತ ಕೆಳಗೆ ಇದ್ದವರು ಕೊರಗರು. ಕಾಡಿನ ಬೀಳುಗಳಿಂದ ಬುಟ್ಟಿ ಹೆಣೆದು, ಡೋಲು ಬಡಿದು ಜೀವಿಸುತ್ತಿದ್ದ ಈ ಜನರಲ್ಲಿ ಸೊಪ್ಪನ್ನೇ ಉಡಬೇಕಾದವರು ಒಂದು ಪಂಗಡವಾದರೆ, ತಮ್ಮ ಉಗುಳು ಹಾದಿಯ ಮೇಲೆ ಬೀಳದಂತೆ ಕೊರಳಿಗೆ ಅಂಡೆಯನ್ನು ಕಟ್ಟಿಕೊಳ್ಳಬೇಕಾಗಿದ್ದವರು ಇನ್ನೊಂದು ಪಂಗಡವೆಂದು ಕಳೆದ ಶತಮಾನದ ಆದಿಯಲ್ಲಿ ಜನಾಂಗ ಅಧ್ಯಯನಕಾರನಾದ ಥರ್ಸ್ಟನ್ನನು ದಾಖಲಿಸಿದ್ದಾನೆ. ಮೇಲ್ಜಾತಿಯವರ ಅನಿಷ್ಟವನ್ನು ಕೊರಗನ ಮೇಲೆ ಹಾಯಿಸುವ ಅಜಲು ಎಂಬ ಪದ್ಧತಿಯಂತೆ, ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ಅವರಿಗೆ ಉಣ್ಣಲಿಕ್ಕುತ್ತಿದ್ದರು. ಕಂಬಳದ ಹಿಂದಿನ ರಾತ್ರಿ ಪನಿಕುಲ್ಲುನಿಯೆಂದು ಅವರನ್ನು ಗದ್ದೆಯ ಬಳಿ ಇಬ್ಬನಿಯಲ್ಲಿ ಕೂರಿಸಿ, ಬೆಳಗಾದ ಮೇಲೆ ಕೋಣಗಳಿಗಿಂತ ಮುಂಚೆ ಅವರನ್ನೇ ಗದ್ದೆಗಿಳಿಸಿ ಓಡಿಸುತ್ತಿದ್ದರು. ಇದನ್ನೆಲ್ಲ ಬರೆಯುವಾಗ ಕೈ ಹಿಂಜರಿಯುತ್ತದೆ; ಆದರೆ ರಂಗರಾಯರು ಎದುರಿಸಬೇಕಾಗಿದ್ದುದು ಕೇವಲ ನಿರಕ್ಷರತೆಯನ್ನಲ್ಲವೆಂಬುದನ್ನು ಓದುಗರು ಅರಿಯಬೇಕಾದರೆ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇದೇ ಜಿಲ್ಲೆಯ ಮುಖ್ಯ ಪಟ್ಟಣವಾದ ಮಂಗಳೂರು, ಆ ಕಾಲಕ್ಕೆ, ವಿದ್ಯೆಯಲ್ಲಿಯೂ ಉದ್ಯಮದಲ್ಲಿಯೂ ಕನ್ನಡದ ಊರುಗಳಲ್ಲೆಲ್ಲ ಮುಂದಾಗಿದ್ದಿತು. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು ಶಾಲೆಗಳನ್ನೂ ಮುದ್ರಣಾಲಯವನ್ನೂ ಸ್ಥಾಪಿಸಿದರು, 1843ರಲ್ಲಿ ‘ಮಂಗಳೂರ ಸಮಾಚಾರ’ವು ಹೊರಟಿತು, 1865ರಲ್ಲಿ ಹೆಂಚಿನ ಕಾರ್ಖಾನೆಯು ಆರಂಭವಾಯಿತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜೂ, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲೂ ಹುಟ್ಟಿದುವು. ಕ್ರೈಸ್ತಮತವನ್ನು ಅವಲಂಬಿಸಿದ ಕೆಳಜಾತಿಯ ಜನಕ್ಕೆ ಮಿಷನ್ನಿನವರು ಅಕ್ಷರವನ್ನೂ, ನೇಯ್ಗೆಯಲ್ಲಿಯೋ ಹೆಂಚಿನಲ್ಲಿಯೋ ಒಂದು ಉದ್ಯೋಗವನ್ನೂ ಒಟ್ಟಿಗೇ ಒದಗಿಸುತ್ತಿದ್ದುದನ್ನು ಪಟ್ಟಣದ ಜನರೆಲ್ಲರೂ ಕಾಣುತ್ತಿದ್ದರು. ಕಂಡು ಕೆಲವರು ಕೋಪಗೊಂಡರು, ಕೆಲವರು ಮತಾಂತರದ ಭೀತಿಯಿಂದ ಸಭೆ ನೆರೆದರು. ಅಕ್ಷರ ಬೇರೆ ಅನ್ನ ಬೇರೆ ಆದರೆ ಎರಡೂ ನಿಲ್ಲಲಾರವೆಂಬ ಪಾಠವು ಆ ಕಾರ್ಖಾನೆಗಳಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದಿತು. ರಂಗರಾಯರ ಮುಂದಿನ ಕಾರ್ಯವನ್ನು ನೋಡಿದರೆ, ಆ ಪಾಠವನ್ನು ಅವರು ಕಲಿತುಕೊಂಡಿದ್ದರೆಂದು ಊಹಿಸುವುದು ಅಸಂಗತವಾಗಲಾರದು.

ಪಟ್ಟಣದಲ್ಲಿ ಬೇರೊಂದು ಪ್ರವಾಹವೂ ಹರಿಯುತ್ತಿದ್ದಿತು. ದೇವಾಲಯದ ಹೊರಗೇ ನಿಲ್ಲಬೇಕಾಗಿದ್ದ ಬಿಲ್ಲವರ ಮುಖಂಡರಾದ ಅರಸಪ್ಪನವರು, ಸಮತೆಯನ್ನು ಸಾರುವ ಮತವೊಂದನ್ನು ಅರಸುತ್ತ ಬಂಗಾಳದ ಬ್ರಾಹ್ಮಸಮಾಜದ ಕಡೆಗೆ ದೃಷ್ಟಿಯನ್ನು ಹರಿಸಿದರು. ಅವರ ಕರೆಯ ಮೇರೆಗೆ ಪ್ರಚಾರಕರು ಮಂಗಳೂರಿಗೆ ಬಂದರು. ಬಿಲ್ಲವರಲ್ಲಿ ಆ ಮತವು ಹೆಚ್ಚಾಗಿ ಬೇರೂರಲಿಲ್ಲವಾದರೂ, ಉಳ್ಳಾಲ ರಘುನಾಥಯ್ಯನವರೇ ಮೊದಲಾದ ಸಾರಸ್ವತರು ಅದರಿಂದ ಪ್ರಭಾವಿತರಾಗಿ 1870ರಲ್ಲಿ ಇಲ್ಲಿಯೂ ಬ್ರಾಹ್ಮಸಮಾಜಕ್ಕೆ ಅಸ್ತಿಭಾರವನ್ನು ಹಾಕಿದರು. ಬಿಲ್ಲವರು ಮುಂದೆ ನಾರಾಯಣ ಗುರುಗಳ ಮಾರ್ಗವನ್ನು ಹಿಡಿದು, 1912ರಲ್ಲಿ ಕುದ್ರೋಳಿಯಲ್ಲಿ ತಮ್ಮದೇ ಆದ ಗೋಕರ್ಣನಾಥನ ಪ್ರತಿಷ್ಠೆಯನ್ನು ಮಾಡಿಸಿಕೊಂಡುದು ಬೇರೊಂದು ಅಧ್ಯಾಯ. ಅರಸಪ್ಪನವರ ಅನ್ವೇಷಣೆಯು ಅವರ ಸಮುದಾಯಕ್ಕಿಂತ ಮೊದಲು ಪರರಿಗೆ ಫಲವನ್ನು ಕೊಟ್ಟಿತೆಂಬುದನ್ನು ಮಾತ್ರ ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು; ಏಕೆಂದರೆ ರಂಗರಾಯರ ಮನಸ್ಸು ರೂಪುಗೊಂಡುದು ರಘುನಾಥಯ್ಯನವರ ಆ ಬ್ರಾಹ್ಮಸಮಾಜದ ಸಹವಾಸದಲ್ಲಿಯೇ.

ಪುತ್ತೂರು ತಾಲೂಕಿನ ಕುದ್ಮುಲ್ ಎಂಬ ಹಳ್ಳಿಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ 1859ರ ಜೂನ್ 29ರಂದು ರಂಗರಾಯರು ಜನಿಸಿದರು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದ ಅವರು, ತಿಂಗಳಿಗೆ ಎಂಟು ರೂಪಾಯಿಗಳ ಸಂಬಳದ ಉಪಾಧ್ಯಾಯರಾಗಿ ಸಂಸಾರವನ್ನು ಹೊತ್ತು, ಬಿಡುವಿನಲ್ಲಿ ಓದಿ, ಪ್ಲೀಡರಿಕೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನ್ಯಾಯಾಲಯವನ್ನು ಪ್ರವೇಶಿಸಿದರು. ಬಡವರ ಪರವಾಗಿ ವಾದಿಸುವವರೆಂದೂ, ಸುಳ್ಳು ವ್ಯಾಜ್ಯಗಳನ್ನು ಹಿಡಿಯದವರೆಂದೂ ಅವರಿಗೆ ಹೆಸರು ಬಂದಿತು. ಒಕ್ಕಲುಗಳೂ ಆಳುಗಳೂ ಭೂಮಿಯ ಕಾರಣದಿಂದ ಕೋರ್ಟಿನ ಮೆಟ್ಟಿಲುಗಳನ್ನು ಹತ್ತಿ ಬರಿಗೈಯಲ್ಲಿ ಇಳಿಯುವುದನ್ನು ದಿನವೂ ಕಾಣುತ್ತಿದ್ದ ಈ ವಕೀಲನಿಗೆ, ಓದಲು ಬಾರದವನು ತನ್ನ ಹೆಬ್ಬೆಟ್ಟನ್ನು ಯಾವುದಕ್ಕೆ ಒತ್ತಿದೆನೆಂಬುದನ್ನು ತಾನೇ ತಿಳಿಯದೆ ಹೇಗೆ ನಾಶವಾಗುತ್ತಾನೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಅವರು ಶಾಲೆಯನ್ನು ತೆರೆದರು. ಈ ಒಂದು ವಾಕ್ಯದಲ್ಲಿ ಮುಗಿದುಹೋಗುವ ಸಂಗತಿಯು ಆ ದಿನಗಳಲ್ಲಿ ಮುಗಿಯದ ಕಲಹವಾಗಿ ಪರಿಣಮಿಸಿತು. ಸುತ್ತಲಿನ ಜನರ ವಿರೋಧದಿಂದ ಶಾಲೆಯು ಒಂದು ಕಡೆ ನಿಲ್ಲಲಾರದೆ ಹೋಯಿತು, ಅದನ್ನು ಬೇರೊಂದು ಕಡೆಗೆ ಒಯ್ದರು, ಅಲ್ಲಿಯೂ ವಿರೋಧವುಂಟಾಯಿತು. ಕಂಕನಾಡಿ, ಬೋಳೂರು, ಅತ್ತಾವರ ಎಂದು ಮಂಗಳೂರಿನ ಹಲವು ಭಾಗಗಳ ಹೆಸರು ಈ ಶಾಲೆಗಳ ಚರಿತ್ರೆಯಲ್ಲಿ ಬರುತ್ತವೆ. ಮುಂದೆ ಮೂಲ್ಕಿ ಉಡುಪಿಗಳ ಕಡೆಗೂ ಕೆಲಸವು ಹಬ್ಬಿತಾದರೂ ಕೇಂದ್ರವು ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆಯೂರಿತು. ಕಲಿಸಲು ಮೇಲ್ಜಾತಿಯ ಉಪಾಧ್ಯಾಯರು ದೊರೆಯಲಿಲ್ಲ. ಹೊಲೆಯರ ಮಕ್ಕಳ ನಡುವೆ ಕುಳಿತು ಅವರ ಹಲಗೆಯನ್ನು ಮುಟ್ಟಿ ತಿದ್ದಬೇಕಾದ ಕೆಲಸಕ್ಕೆ ಸಂಬಳವೆಷ್ಟಾದರೂ ಒಪ್ಪುವವರಿರಲಿಲ್ಲ. ಕ್ರೈಸ್ತ ಉಪಾಧ್ಯಾಯರನ್ನು ಕರೆತಂದು ರಂಗರಾಯರು ಆ ಕೊರತೆಯನ್ನು ನೀಗಿಕೊಂಡರು. ಮತಾಂತರದ ಭಯದಿಂದ ಸಭೆ ನೆರೆಯುತ್ತಿದ್ದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಯಾರೂ ಕೊಟ್ಟಿರಲಾರರು: ನೀವು ಕಲಿಸುವುದಿಲ್ಲವಾದರೆ ಕಲಿಸುವವರು ಕಲಿಸಲಿ.

ಇನ್ನು ಮಕ್ಕಳು. ಶಾಲೆಯೆಂದೊಡನೆ ಮಕ್ಕಳು ತಾವಾಗಿ ಬಂದು ನೆರೆಯಲಿಲ್ಲ. ಮೇಲಿನವರ ಭಯ ಒಂದು ಕಡೆ. ಇದರಲ್ಲಿ ಇನ್ನಾವ ಮೋಸವಿದೆಯೋ ಎಂಬ ಸಂದೇಹ ಇನ್ನೊಂದು ಕಡೆ. ಆ ಸಂದೇಹವನ್ನು ಅಜ್ಞಾನವೆಂದು ನಾನು ಹೇಳಲಾರೆ. ತಲೆತಲಾಂತರಗಳಿಂದ ಮೇಲ್ಜಾತಿಯವನು ಗುಡಿಸಲಿನ ಬಳಿಗೆ ಬಂದನೆಂದರೆ ಕೆಲಸಕ್ಕೆ ಕರೆಯಲೋ, ಬಾಕಿಯನ್ನು ಕೇಳಲೋ ಅಲ್ಲದೆ ಬೇರಾವ ಕಾರಣಕ್ಕೂ ಬಂದುದನ್ನು ಕಾಣದವರ ಪಾಲಿಗೆ ಅದು ವಿವೇಕವೇ ಆಗಿದ್ದಿತು. ರಂಗರಾಯರು ಗುಡಿಸಲಿಂದ ಗುಡಿಸಲಿಗೆ ನಡೆದರು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟವನ್ನು ಹಾಕಿಸಿದರೆಂದೂ, ಹಾಜರಾದ ದಿನಕ್ಕೆ ಕೆಲವು ಪೈಸೆಗಳನ್ನು ಕೊಡುತ್ತಿದ್ದರೆಂದೂ ಮಂಗಳೂರಿನಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಹುಡುಗನೊಬ್ಬನು ದನದ ಹಿಂದೆ ಹೋದರೆ ಮನೆಗೆ ಬರುತ್ತಿದ್ದ ಗಂಜಿಯ ಪಾಲು, ಶಾಲೆಗೆ ಹೋದರೆ ತಪ್ಪುತ್ತಿದ್ದಿತಲ್ಲವೆ? ಆ ನಷ್ಟವನ್ನು ಯಾರು ಭರಿಸಬೇಕು? ವಿದ್ಯೆಯು ಉಚಿತವೆಂದು ಸಾರಿದ ಮಾತ್ರಕ್ಕೆ ಬಡವನಿಗೆ ಅದು ಉಚಿತವಾಗುವುದಿಲ್ಲವೆಂಬ ಈ ಲೆಕ್ಕವನ್ನು ಅರಿಯಲು ನಮ್ಮ ಸರಕಾರಗಳಿಗೆ ಅಲ್ಲಿಂದಾಚೆಗೆ ಬಹುಕಾಲ ಹಿಡಿಯಿತು.

ಈ ಕೆಲಸಕ್ಕಾಗಿ ಅವರು ತೆತ್ತುದು ಅಲ್ಪವಲ್ಲ. ಸ್ವಜನರು ಅವರಿಗೆ ಬಹಿಷ್ಕಾರವನ್ನು ಹಾಕಿದರು. ಕ್ಷೌರಿಕನೂ ಅಗಸನೂ ಮನೆಯ ಕಡೆಗೆ ಬರುವುದನ್ನು ನಿಲ್ಲಿಸಿದರು. ಬಂಧುಗಳು ಶುಭಾಶುಭಗಳಲ್ಲಿ ದೂರವಾದರು. ದಾರಿಯಲ್ಲಿ ಹೀಯಾಳಿಕೆಗಳು ಕೇಳಿಬಂದುವು. ಬಹಿಷ್ಕಾರದ ಭಾರವು ಗಂಡಸಿಗಿಂತಲೂ ಹೆಚ್ಚಾಗಿ ಮನೆಯ ಹೆಂಗಸಿನ ಮೇಲೆ ಬೀಳುತ್ತದೆಂಬುದನ್ನು ಬಲ್ಲವರು, ಅವರ ಪತ್ನಿ ರುಕ್ಮಿಣಿಯಮ್ಮನವರನ್ನೂ ಇಲ್ಲಿ ಸ್ಮರಿಸದೆ ಇರಲಾರರು. ರಂಗರಾಯರು ಕೋರ್ಟಿಗೆ ಹೋದರೆ ಅಲ್ಲಿ ಕಕ್ಷಿಗಳಾದರೂ ಇದ್ದರು, ಸಂಜೆಗೆ ಬ್ರಾಹ್ಮಸಮಾಜದ ಮಿತ್ರರಾದರೂ ಇದ್ದರು. ನೆರೆಹೊರೆಯ ಒಡನಾಟ ಕಡಿದುಹೋದ ಮನೆಯೊಳಗೆ ಉಳಿದವರಿಗೆ ಅಷ್ಟೂ ಇರಲಿಲ್ಲ.

ಸರಕಾರದ ಧೋರಣೆಯಲ್ಲಿಯೂ ಸುಮಾರಾಗಿ ಇದೇ ವೇಳೆಗೆ ಒಂದು ತಿರುವು ಕಾಣಿಸಿಕೊಂಡಿತು. ಚೆಂಗಲ್ಪಟ್ಟು ಜಿಲ್ಲೆಯ ಪರೆಯರ ದುಸ್ಥಿತಿಯನ್ನು ಕುರಿತು ಕಲೆಕ್ಟರ್ ಟ್ರೆಮೆನ್‌ಹೀರನು 1891ರಲ್ಲಿ ಬರೆದ ವರದಿಯನ್ನು ಅನುಸರಿಸಿ, ಪಂಚಮರೆಂದು ಕರೆಯಲಾಗುತ್ತಿದ್ದ ಭೂರಹಿತ ಅಸ್ಪೃಶ್ಯರಿಗೆ ಸರಕಾರದ ಭೂಮಿಯನ್ನು ಕೊಡುವ ಆಜ್ಞೆಯನ್ನು ಮದರಾಸು ಸರಕಾರವು 1892ರಲ್ಲಿ ಹೊರಡಿಸಿತು. 1893ರ ಫೆಬ್ರವರಿಯಲ್ಲಿ ಪಂಚಮರ ವಿದ್ಯಾಭ್ಯಾಸಕ್ಕೆ ವಿಶೇಷ ಸಹಾಯಧನವನ್ನೂ, ಉಪಾಧ್ಯಾಯರ ತರಬೇತಿಗೆ ವಿದ್ಯಾರ್ಥಿವೇತನವನ್ನೂ ಒದಗಿಸುವ ಪ್ರಸಿದ್ಧವಾದ ಆಜ್ಞೆಯು ಬಂದಿತು. ಚಿಲಿಂಬಿಯ ಶಾಲೆಯು ಈ ಎರಡನೆಯ ಆಜ್ಞೆಗಿಂತ ಮುಂಚಿನದೆಂಬುದನ್ನು ಗಮನಿಸಬೇಕು. ಸರಕಾರದ ಹಣವನ್ನು ಕಂಡು ತೆರೆದ ಶಾಲೆ ಅದಾಗಿರಲಿಲ್ಲ. ಆದರೆ ಆಜ್ಞೆಯೆಂಬುದು ತಾನಾಗಿ ಹಳ್ಳಿಗೆ ನಡೆದುಬರುವುದಿಲ್ಲ. ದರ್ಖಾಸ್ತನ್ನು ಬರೆಯುವವರಾರು, ಸರ್ವೆ ನಂಬರನ್ನು ಹುಡುಕುವವರಾರು, ಆಕ್ಷೇಪಣೆ ಬಂದಾಗ ಕಲೆಕ್ಟರನ ಕಚೇರಿಯಲ್ಲಿ ನಿಂತು ಉತ್ತರ ಹೇಳುವವರಾರು? ಓದಲು ಬಾರದವರ ಪಾಲಿಗೆ ಅಂಥ ಆಜ್ಞೆಗಳು ಇಲ್ಲದುದಕ್ಕೆ ಸಮಾನ. ಇಲ್ಲಿ ರಂಗರಾಯರ ವಕೀಲಿಕೆಯು ಅವರ ಧರ್ಮಕ್ಕೆ ಆಯುಧವಾಗಿ ಒದಗಿತು.

1897ರಲ್ಲಿ ಅವರು ಈ ಕೆಲಸಗಳನ್ನೆಲ್ಲ ಒಂದು ವ್ಯವಸ್ಥೆಗೆ ತಂದು ಮಂಗಳೂರಿನ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಾಲೆಯು ಅದರ ಒಂದು ಅಂಗ ಮಾತ್ರವಾಗಿದ್ದಿತು. ಶೇಡಿಗುಡ್ಡೆಯಲ್ಲಿ ನೇಯ್ಗೆಯನ್ನೂ ಮರಗೆಲಸವನ್ನೂ ಕಲಿಸುವ ಏರ್ಪಾಡಾಯಿತು. ದೂರದ ಮಕ್ಕಳಿಗೆ ವಸತಿಗೃಹವೂ, ನಿರ್ಗತಿಕರಾದ ಹೆಂಗಸರಿಗೆ ಆಶ್ರಯವೂ ಏರ್ಪಟ್ಟುವು. ದಲಿತ ಕುಟುಂಬಗಳಿಗಾಗಿ ಭೂಮಿಯನ್ನು ಪಡೆದು ಮಂಗಳೂರಿನ ಗುಡ್ಡೆಗಳಲ್ಲಿ ಮನೆಗಳ ನೆಲೆಗಳನ್ನು ಕಲ್ಪಿಸಿದುದೂ, ಅವರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿಸಿದುದೂ ಈ ಕಾರ್ಯದ ಮುಂದುವರಿಕೆಯೇ. ಇವುಗಳನ್ನು ಬಿಡಿಬಿಡಿಯಾದ ಪರೋಪಕಾರಗಳೆಂದು ಎಣಿಸಿ ಪಟ್ಟಿಮಾಡುವುದು ರೂಢಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಇವೆಲ್ಲವೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು. ಧಣಿಯ ಜಾಗದಲ್ಲಿರುವ ಗುಡಿಸಲಿನಿಂದ ಮಗುವು ನಿರ್ಭಯವಾಗಿ ಶಾಲೆಗೆ ಬರಲಾರದಾದುದರಿಂದ, ಆ ಗುಡಿಸಲಿನ ಕೆಳಗೆ ಸ್ವಂತ ನೆಲವಿರಬೇಕಾಯಿತು. ಅಕ್ಷರ ಕಲಿತ ಹುಡುಗನು ಗುಮಾಸ್ತನಾಗಲು ಯಾವ ಕಚೇರಿಯೂ ಬಾಗಿಲು ತೆರೆಯದಾದುದರಿಂದ, ಅವನ ಕೈಗೆ ಮಗ್ಗವೋ ಉಳಿಯೋ ಇರಬೇಕಾಯಿತು. ಸಂಪಾದಿಸಿದ ನಾಲ್ಕು ಕಾಸು ಸಾಹುಕಾರನ ಬಡ್ಡಿಗೆ ಹೋಗದಂತೆ ಸಹಕಾರ ಸಂಘವು ಬೇಕಾಯಿತು. ಶಾಲೆಯಿಂದ ಹೊರಟು ಭೂಮಿಗೂ, ಭೂಮಿಯಿಂದ ಕಸುಬಿಗೂ, ಕಸುಬಿನಿಂದ ಸಂಘಕ್ಕೂ ಹೀಗೆ ಒಂದರಿಂದೊಂದಕ್ಕೆ ನಡೆದ ಆ ತರ್ಕವು ಯಾವ ಗ್ರಂಥದಿಂದಲೂ ಬಂದುದಲ್ಲ. ಒಂದು ಕೊರತೆಯನ್ನು ತುಂಬಿದಾಗ ಅದರ ಹಿಂದೆ ಅಡಗಿದ್ದ ಇನ್ನೊಂದು ಕೊರತೆಯು ಕಣ್ಣಿಗೆ ಬಿದ್ದು, ಅದನ್ನು ಕಂಡೂ ಕಾಣದಂತೆ ಇರಲಾರದ ಮನಸ್ಸಿನಿಂದ ಬಂದುದು.

ಇಲ್ಲಿ ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರನ್ನು ಕುರಿತು ಎರಡು ಮಾತು ಹೇಳಬೇಕು. 1873ರಲ್ಲಿ ಕನ್ನಡ ನೆಲದಲ್ಲಿ ಜನಿಸಿ ಮರಾಠಿಯಲ್ಲಿ ಬರೆದು ಮಹಾರಾಷ್ಟ್ರದಲ್ಲಿ ಪ್ರಖ್ಯಾತರಾದ ಈ ಮಹನೀಯರು, 1906ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ತಮ್ಮ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಆರಂಭಿಸಿದರು. ಅದು ಅಖಿಲ ಭಾರತದ ಖ್ಯಾತಿಯನ್ನು ಪಡೆದುದರಿಂದ, ಈ ಬಗೆಯ ಕೆಲಸವು ಅಲ್ಲಿಂದಲೇ ಮೊದಲಾಯಿತೆಂಬ ಭಾವನೆಯು ಸಹಜವಾಗಿ ಹರಡಿದೆ. ಮಂಗಳೂರಿನ ಸಂಸ್ಥೆಗೆ ಆಗಲೇ ಒಂಬತ್ತು ವರ್ಷಗಳು ತುಂಬಿದ್ದುವು. ಶಿಂದೆಯವರು ಮುಂದೆ ಬ್ರಾಹ್ಮಸಮಾಜದ ಆಚಾರ್ಯರಾಗಿ ಮಂಗಳೂರಿಗೇ ಬಂದು ಕೆಲಕಾಲ ನೆಲೆಸಿದರು. ಹಿರಿಯತನದ ಪ್ರಶ್ನೆಯಿಂದ ಇಬ್ಬರ ಗೌರವವೂ ಹೆಚ್ಚುವುದಿಲ್ಲ, ಕಡಮೆಯೂ ಆಗುವುದಿಲ್ಲ. ಆದರೆ ಕರಾವಳಿಯ ಒಂದು ಪಟ್ಟಣದಲ್ಲಿ, ರಾಜಧಾನಿಗಳ ಪತ್ರಿಕೆಗಳ ದೃಷ್ಟಿಯಿಂದ ದೂರವಾಗಿ ನಡೆದ ಕೆಲಸವು ಚರಿತ್ರೆಯಲ್ಲಿ ತನ್ನ ಸ್ಥಾನವನ್ನು ಪಡೆಯಲೇಬೇಕು.

ಶಾಲೆಗಳಿಂದ ಹೊರಬಂದವರಲ್ಲಿ ಕೆಲವರು ತಾವೇ ಉಪಾಧ್ಯಾಯರಾದರು. ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಎಂಬ ಇಬ್ಬರ ಹೆಸರು ಇಂದಿಗೂ ಆ ಭಾಗದಲ್ಲಿ ಕೇಳಿಬರುತ್ತದೆ. ರಂಗರಾಯರ ಪ್ರಯತ್ನದಿಂದ ದಲಿತ ಸಮುದಾಯದವರಿಗೆ ಜಿಲ್ಲೆಯ ಸ್ಥಳೀಯ ಸಂಸ್ಥೆಗಳಲ್ಲಿ ನಾಮನಿರ್ದೇಶನವೂ ದೊರೆಯಿತು. ಮಾಸ್ತರ್ ಎಂಬ ಗೌರವವು ಹೊಲೆಯನ ಹೆಸರಿಗೆ ಅಂಟಿಕೊಂಡುದು, ಅವನು ಪೇಟೆಯ ಜಮೀನುದಾರರೊಡನೆ ಒಂದೇ ಸಭೆಯಲ್ಲಿ ಕುಳಿತುದು, ಅಕ್ಷರ ಕಲಿತ ಹುಡುಗರ ಸಂಖ್ಯೆಗಿಂತಲೂ ದೊಡ್ಡ ಪರಿವರ್ತನೆಯೆಂದು ನಾನು ಭಾವಿಸುತ್ತೇನೆ. ಮಗನನ್ನು ಶಾಲೆಗೆ ಕಳುಹಿಸಲೋ ಬೇಡವೋ ಎಂದು ಅಳುಕುತ್ತಿದ್ದ ತಂದೆಗೆ, ಊರಿನ ವಕೀಲರ ನೂರು ಉಪದೇಶಗಳು ಹೇಳಲಾಗದುದನ್ನು ತನ್ನವನೇ ಆದ ಆ ಮಾಸ್ತರನು ದಾರಿಯಲ್ಲಿ ನಡೆದುಹೋಗುವುದರಿಂದಲೇ ಹೇಳುತ್ತಿದ್ದನು.

ರಂಗರಾಯರ ಮನೆಯಲ್ಲಿಯೂ ಅದೇ ತತ್ತ್ವವು ನಡೆಯಿತು. 1891ರಲ್ಲಿ ಜನಿಸಿದ ಮಗಳು ರಾಧಾಬಾಯಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿಯೂ ಓದಿದರು. ಕುಮಾರಮಂಗಲದ ಜಮೀನುದಾರರಾದ ಸುಬ್ಬರಾಯನ್ ಅವರನ್ನು 1912ರಲ್ಲಿ ವಿವಾಹವಾದರು. ಅದು ಜಾತಿಯನ್ನು ಮೀರಿದ ವಿವಾಹ. ಅಳಿಯನು ಮುಂದೆ ಮದರಾಸು ಪ್ರಾಂತದ ಪ್ರಧಾನಮಂತ್ರಿಯಾದುದೂ, ಮೊಮ್ಮಗನೊಬ್ಬನು ಸ್ವತಂತ್ರ ಭಾರತದ ಭೂಸೇನಾಧಿಪತಿಯಾದುದೂ ಲೋಕವಿದಿತ.

1927ರಲ್ಲಿ ರಂಗರಾಯರು ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ತಳೆದರು. ತಾವು ಕಲಿಸಿದ ದಲಿತ ಬಾಲಕನೊಬ್ಬನು ಅಧಿಕಾರಿಯಾಗಿ ವಾಹನದಲ್ಲಿ ಹಾದುಹೋಗುವಾಗ ಏಳುವ ರಸ್ತೆಯ ಧೂಳು ತಮ್ಮ ಶಿರಸ್ಸನ್ನು ಸೋಕಿದರೆ ತಮ್ಮ ಜನ್ಮವು ಸಾರ್ಥಕವೆಂಬ ಭಾವದ ಅವರ ಮಾತು ದಕ್ಷಿಣ ಕನ್ನಡದಲ್ಲಿ ಮನೆಮಾತಾಗಿದೆ. 1928ರ ಜನವರಿ 30ರಂದು ಅವರು ತೀರಿಕೊಂಡರು. ತಮ್ಮ ಕಳೇಬರವನ್ನು ಮಲ ಹೊರುವ ತೋಟಿಗಳೇ ಹೊರಬೇಕೆಂದು ಅವರು ಇಚ್ಛಿಸಿದ್ದರು, ಅದರಂತೆಯೇ ನಡೆಯಿತು. ಮಂಗಳೂರಿನಲ್ಲಿಯೇ ಅವರ ಸಮಾಧಿಯಿದೆ. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ.

ಅವರು ತೀರಿಕೊಂಡ ಸುಮಾರು ಮೂರು ವರ್ಷಗಳ ಬಳಿಕ, 1930ರ ನವೆಂಬರಿನಲ್ಲಿ, ಲಂಡನ್ನಿನಲ್ಲಿ ಮೊದಲನೆಯ ದುಂಡುಮೇಜಿನ ಪರಿಷತ್ತು ಸೇರಿತು. ಭಾರತದ ಮಹಿಳೆಯರ ಪರವಾಗಿ ಬೇಗಂ ಶಾ ನವಾಜರೊಡನೆ ಕುಳಿತಿದ್ದವರು ರಂಗರಾಯರ ಮಗಳು ರಾಧಾಬಾಯಿ. ದಲಿತವರ್ಗಗಳ ಪರವಾಗಿ ಕುಳಿತಿದ್ದವರು ಡಾಕ್ಟರ್ ಅಂಬೇಡ್ಕರರು ಮತ್ತು ರೆಟ್ಟಮಲೈ ಶ್ರೀನಿವಾಸನ್. ತಂದೆಯು ಮುವ್ವತ್ತು ವರ್ಷಗಳಿಗೂ ಮೀರಿ ಯಾರ ಪರವಾಗಿ ಮಾತನಾಡಿದ್ದರೋ, ಅವರ ಪರವಾಗಿ ಮಾತನಾಡಲು ಈಗ ಅವರವರೇ ಬಂದಿದ್ದರು. ರಂಗರಾಯರ ಮಾರ್ಗವನ್ನು ಕುರಿತು ವಿಮರ್ಶಕರು ಎತ್ತುವ ಆಕ್ಷೇಪಣೆಯು ನನಗೆ ತಿಳಿಯದುದಲ್ಲ: ಮೇಲಿನವನೊಬ್ಬನು ಕೆಳಗಿನವರನ್ನು ಉದ್ಧರಿಸುವನೆಂಬ ಕಲ್ಪನೆಯಲ್ಲಿಯೇ ಮೇಲು ಕೀಳೆಂಬುದು ಉಳಿದುಕೊಳ್ಳುತ್ತದೆಂಬುದು ಅದು. ಆಕ್ಷೇಪಣೆಯು ನ್ಯಾಯವಾದುದು. ಭೂಮಿಯ ಒಡೆತನವನ್ನು ಬದಲಾಯಿಸುವ ಶಕ್ತಿ ಅವರ ಸಂಸ್ಥೆಗೆ ಇರಲಿಲ್ಲ. ಗುಡ್ಡೆಯ ಮೇಲಿನ ಕೆಲವು ಸೆಂಟುಗಳನ್ನು ಕೊಡಿಸಬಹುದಾಗಿದ್ದಿತೇ ಹೊರತು ಬೈಲಿನ ಗದ್ದೆಯನ್ನು ಕೊಡಿಸುವಂತಿರಲಿಲ್ಲ. ಆದರೂ ಅವರ ಕಾರ್ಯದ ಒಳತರ್ಕವು ಸಾಗುತ್ತಿದ್ದುದು ದಲಿತರ ಸ್ವಂತ ಧ್ವನಿಯ ಕಡೆಗೇ ಎಂಬುದಕ್ಕೆ, ಉಪಾಧ್ಯಾಯರನ್ನೂ ಸಭಾಸದರನ್ನೂ ಅವರೊಳಗಿಂದಲೇ ತಯಾರಿಸಲು ಅವರು ಪಟ್ಟ ಶ್ರಮವೇ ಸಾಕ್ಷಿ. ಅನುಗ್ರಹವನ್ನು ಮಾತ್ರ ಬಯಸಿದವನು ಅಷ್ಟು ದೂರ ಹೋಗುವುದಿಲ್ಲ.

1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಗಾಂಧೀಜಿಯವರು ಮಂಗಳೂರಿಗೆ ಬಂದರು. ಆ ವೇಳೆಗೆ ಅಸ್ಪೃಶ್ಯತಾನಿವಾರಣೆಯು ಇಡೀ ದೇಶದ ಮಾತಾಗಿದ್ದಿತು. ಮಂಗಳೂರಿನಲ್ಲಿ ಅದು ನಲವತ್ತೆರಡು ವರ್ಷಗಳ ಹಳೆಯ ಕೆಲಸವಾಗಿದ್ದಿತು. ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿತು, 1955ರಲ್ಲಿ ಅದಕ್ಕೆ ಶಿಕ್ಷೆಯನ್ನು ವಿಧಿಸುವ ಕಾಯಿದೆಯಾಯಿತು, ಎಪ್ಪತ್ತರ ದಶಕದ ಭೂಸುಧಾರಣೆಯು ದಕ್ಷಿಣ ಕನ್ನಡದ ಒಕ್ಕಲುಗಳಲ್ಲಿ ಬಹುಮಂದಿಯನ್ನು ಒಡೆಯರನ್ನಾಗಿ ಮಾಡಿತು. ಗೇಣಿಯ ಚೀಟಿಯೇ ಇಲ್ಲದೆ ಕೂಲಿಗೆ ದುಡಿಯುತ್ತಿದ್ದವರಿಗೆ ಆ ಸುಧಾರಣೆಯಿಂದ ಗದ್ದೆಯು ಬರುವಂತಿರಲಿಲ್ಲ. ಅಜಲು ಪದ್ಧತಿಯು ಇಷ್ಟೆಲ್ಲ ಶಾಸನಗಳ ನಡುವೆಯೂ ನಡೆದುಕೊಂಡೇ ಬಂದಿತು. ಅದೊಂದನ್ನೇ ಹೆಸರಿಸಿ ನಿಷೇಧಿಸುವ ಕಾಯಿದೆಯನ್ನು ಕರ್ನಾಟಕವು ರಚಿಸಿದುದು 2000ದಲ್ಲಿ, ರಂಗರಾಯರು ತೀರಿಕೊಂಡ ಎಪ್ಪತ್ತೆರಡು ವರ್ಷಗಳ ಮೇಲೆ. ಆ ಕಾಯಿದೆಯೂ ಈಗ ಧಾರವಾಡದ ಬಾಲಕನಿಗೆ ದೊರೆತ ನಿರ್ಣಯದಂತೆಯೇ ಒಂದು ಕಾಗದ. ಅದನ್ನು ಕೊರಗರ ಹಾಡಿಗಳಿಗೆ ನಡೆಸಿಕೊಂಡು ಹೋಗುವ ಕೆಲಸವನ್ನು ಇಂದು ಮುಖ್ಯವಾಗಿ ಮಾಡುತ್ತಿರುವವರು ಶಾಲೆ ಕಲಿತ ಕೊರಗ ತರುಣ ತರುಣಿಯರು.